ರಂಗೋಲಿ ಪುಡಿ ಯಾರ ಕೈಯಲ್ಲಿ?

ಯಾರ ವಾಸ್ತವಕ್ಕೆ ಬೆಲೆ? ಬ್ರಿಟಿಷ್ ವಿದ್ವಾಂಸ ರಾಬರ್ಟ್ ಚೇಂಬರ್ಸ್ 1997ರ ತಮ್ಮ ಪುಸ್ತಕದಲ್ಲಿ ಕೇಳಿದ ಪ್ರಶ್ನೆ ಇದು. ಪರಿಣತರು ಸುಮ್ಮನೆ ಕೂತು ನೋಡಲಿ, ಹಳ್ಳಿಯವರೇ ನೆಲದ ಮೇಲೆ ರಂಗೋಲಿ ಪುಡಿಯಿಂದಲೋ ಕೋಲಿನಿಂದಲೋ ತಮ್ಮೂರಿನ ನಕ್ಷೆ ಬರೆಯಲಿ ಎಂಬುದು ಅವರ ವಾದ. ಓದುವಾಗ ನನಗೂ ಹಿತವಾಯಿತು. ಆದರೆ ನಕ್ಷೆ ಬರೆಯುವುದು ಊರ ನಡುವಿನ ಬಯಲಿನಲ್ಲಿ, ಹಗಲಿನಲ್ಲಿ. ಆ ಹೊತ್ತಿಗೆ ಹೆಂಗಸು ಹೊಲದಲ್ಲೋ ಒಲೆಯ ಮುಂದೋ ಇರುತ್ತಾಳೆ. ಪಶ್ಚಿಮ ಭಾರತದ ಕೃಷಿ ಯೋಜನೆಯೊಂದರಲ್ಲಿ ಕೆಲಸ ಮಾಡಿದ ಡೇವಿಡ್ ಮಾಸ್ 1994ರಲ್ಲೇ ಇದನ್ನು ಗುರುತಿಸಿದ್ದರು: ಬಹಿರಂಗ ಸಭೆಯಲ್ಲಿ ಪ್ರಬಲರ ಮಾತೇ ಊರಿನ ಮಾತಾಗಿಬಿಡುತ್ತದೆ. ಚೇಂಬರ್ಸ್ ಈ ಕುಂದನ್ನು ಅರಿಯದವರಲ್ಲ. ಆದರೂ ಅವರ ಭರವಸೆಯೆಲ್ಲ ಪರಿಣತರ ಮನಸ್ಸು ಬದಲಾಗುವುದರ ಮೇಲಿದೆ. ನನಗೆ ಅದು ಸಾಲದು. ಅವಳ ಬಿಡುವಿಗೆ ಕಾಯಬೇಕು. ನಕ್ಷೆ ಪೇಟೆಗೆ ಹೋದರೂ ಅದರ ಪ್ರತಿಯೊಂದು ಅವಳ ಬಳಿ ಉಳಿಯಬೇಕು.