ಅಸ್ಮಾರಾ ನಗರದ ವಾಸ್ತು: ಒಂದು ವಿಮರ್ಶೆ

ಎರಿಟ್ರಿಯ ದೇಶದ ರಾಜಧಾನಿಯಾದ ಅಸ್ಮಾರಾ ನಗರವು 2017ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಈ ನಗರವನ್ನು ಕುರಿತ ಬರಹಗಳಲ್ಲಿ ಬಹುಮಟ್ಟಿಗೆ ಕಂಡುಬರುವುದು ಕಟ್ಟಡಗಳ ಹೊರರೂಪದ ಪ್ರಶಂಸೆ. ಆ ಪ್ರಶಂಸೆ ಅನುಚಿತವೆಂದು ನಾವು ಹೇಳುವುದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯು ಅಷ್ಟಕ್ಕೇ ತೃಪ್ತನಾಗತಕ್ಕದ್ದಲ್ಲ. ಕಟ್ಟಡವನ್ನು ನಗರಯೋಜನೆಯೊಡನೆ ಇಟ್ಟು ನೋಡಿದಾಗಲೇ ಅದರ ನಿಜವಾದ ಬೆಲೆ ತಿಳಿಯುವುದೆಂಬುದು ನಮ್ಮ ಮತ.

ಸಮುದ್ರಮಟ್ಟದಿಂದ 2,300 ಮೀಟರಿಗೂ ಎತ್ತರದ ಪ್ರಸ್ಥಭೂಮಿಯಲ್ಲಿರುವ ಈ ಊರನ್ನು ಇಟಲಿಯವರು 1889ರಲ್ಲಿ ವಶಪಡಿಸಿಕೊಂಡರು; ಮುಂದೆ ವಸಾಹತಿನ ರಾಜಧಾನಿಯನ್ನು ಕರಾವಳಿಯ ಮಸ್ಸಾವದಿಂದ ಇಲ್ಲಿಗೆ ತಂದರು. 1935ರಲ್ಲಿ ಮುಸೊಲಿನಿಯು ಇಥಿಯೋಪಿಯದ ಮೇಲೆ ದಂಡೆತ್ತಿ ಹೋದಾಗ ಎರಿಟ್ರಿಯವು ಆ ದಂಡಯಾತ್ರೆಯ ನೆಲೆವೀಡಾಯಿತು. 1939ರ ವೇಳೆಗೆ ನಗರದ ಸುಮಾರು 98,000 ನಿವಾಸಿಗಳಲ್ಲಿ ಸುಮಾರು 53,000 ಮಂದಿ ಇಟಲಿಯವರೇ ಇದ್ದರು. ಇಂದು ಕೊಂಡಾಡಲ್ಪಡುವ ಕಟ್ಟಡಗಳಲ್ಲಿ ಬಹುಪಾಲು 1935ರಿಂದ 1941ರವರೆಗಿನ ಅಲ್ಪಾವಧಿಯಲ್ಲಿ ಎದ್ದಂಥವು.

ಅವುಗಳಲ್ಲಿ ಅಗ್ರಗಣ್ಯವಾದುದು 1938ರ ಫಿಯಟ್ ತಾಲ್ಯೇರೊ ಪೆಟ್ರೋಲ್ ಠಾಣೆ. ಇಂಜಿನಿಯರ್ ಜುಸೆಪ್ಪೆ ಪೆಟ್ಟಾಜ್ಜಿಯು ಅದನ್ನು ವಿಮಾನದ ಆಕಾರದಲ್ಲಿ ಕಲ್ಪಿಸಿದನು. ಅದರ ಎರಡು ಕಾಂಕ್ರೀಟು ರೆಕ್ಕೆಗಳು ಕೆಳಗೆ ಯಾವ ಕಂಬದ ಆಸರೆಯೂ ಇಲ್ಲದೆ ಸುಮಾರು 15 ಮೀಟರುಗಳಷ್ಟು ಹೊರಚಾಚಿವೆ. ಆಸರೆಯ ಕಂಬಗಳನ್ನು ತೆಗೆಸುವುದಕ್ಕಾಗಿ ಪೆಟ್ಟಾಜ್ಜಿಯು ಗುತ್ತಿಗೆದಾರನಿಗೆ ಪಿಸ್ತೂಲು ತೋರಿಸಿದನೆಂಬ ಐತಿಹ್ಯವೊಂದುಂಟು. ಅದರ ಸತ್ಯಾಸತ್ಯತೆ ಇಲ್ಲಿ ಪ್ರಕೃತವಲ್ಲ. ಆ ಕಥೆಯಲ್ಲಿ ಇಂಜಿನಿಯರನಿಗೆ ಸ್ಥಾನವಿದೆ, ಗುತ್ತಿಗೆದಾರನಿಗೆ ಸ್ಥಾನವಿದೆ; ಕಲ್ಲು ಹೊತ್ತು ಗಾರೆ ಕಲಸಿದವರಿಗೆ ಮಾತ್ರ ಇಲ್ಲ. ಈ ನಗರವನ್ನು ಕಟ್ಟಿದ ದುಡಿಮೆಯಲ್ಲಿ ಎರಿಟ್ರಿಯದ ಕೆಲಸಗಾರರ ಪಾಲು ಹಿರಿದಾಗಿದ್ದರೂ ಪ್ರಶಂಸೆಯ ಬರಹಗಳಲ್ಲಿ ಅವರ ಪ್ರಸ್ತಾಪ ವಿರಳ.

ಇನ್ನು ಯೋಜನೆಯ ಮಾತು. 20ನೆಯ ಶತಮಾನದ ಆದಿಭಾಗದಲ್ಲಿ ಓಡೊಆರ್ಡೊ ಕವನ್ಯಾರಿಯು ಸಿದ್ಧಪಡಿಸಿದ ನಕ್ಷೆಗಳಲ್ಲಿಯೇ ಯುರೋಪಿಯನರ ವಸತಿ, ದೇಶೀಯರ ವಸತಿ, ಮಿಶ್ರ ವಲಯ ಎಂಬ ವಿಭಾಗಗಳಿದ್ದವು. 1938ರಲ್ಲಿ ವಿತ್ತೋರಿಯೊ ಕಾಫಿಯೆರೊ ರೂಪಿಸಿದ ಯೋಜನೆಯು ಈ ವರ್ಣಭೇದವನ್ನು ಇನ್ನಷ್ಟು ಬಿಗಿಗೊಳಿಸಿತು. ಇಟಲಿಯವರಿಗೂ ದೇಶೀಯರಿಗೂ ದಾಂಪತ್ಯಸಮಾನವಾದ ಸಂಬಂಧವಿರಕೂಡದೆಂದು 1937ರಲ್ಲಿ ಶಾಸನವೇ ಹೊರಟಿದ್ದಿತು. ಶಾಸನವು ಬಾಯಿಯಿಂದ ಹೇಳಿದುದನ್ನು ನಕ್ಷೆಯು ಬೀದಿಗಳ ಮೂಲಕ ಹೇಳಿತು. ಮಾರಿಯೊ ಮೆಸ್ಸೀನನು 1937ರಲ್ಲಿ ನಿರ್ಮಿಸಿದ ಇಂಪೇರೊ ಚಿತ್ರಮಂದಿರದ ಹೆಸರಿನ ಅರ್ಥವೇ ಸಾಮ್ರಾಜ್ಯವೆಂಬುದನ್ನು ಮರೆಯತಕ್ಕದ್ದಲ್ಲ. ಅತ್ತ ದೇಶೀಯರ ಅಬ್ಬಾ ಶಾವುಲ್ ಬಡಾವಣೆಯು ಯಾವ ಯೋಜನೆಯೂ ಇಲ್ಲದೆ ಬೆಳೆಯಿತು. ಹೊಸ ಕಾಲದ ವಾಸ್ತುವು ಎಲ್ಲರಿಗೂ ಗಾಳಿ, ಬೆಳಕು, ನೈರ್ಮಲ್ಯಗಳನ್ನು ಒದಗಿಸುವುದಾಗಿ ಸಾರುತ್ತಿದ್ದಿತು. ಆ ಮಾತಿನ ಅಳತೆಯಿಂದಲೇ ಅಳೆದರೆ ಅಸ್ಮಾರಾದ ಯೋಜನೆಯು ಸೋತಿತೆಂದು ಹೇಳಬೇಕಾಗುತ್ತದೆ.

ಹಾಗಾದರೆ ಈ ಕಟ್ಟಡಗಳನ್ನು ದಾಸ್ಯದ ಗುರುತುಗಳೆಂದು ತಿರಸ್ಕರಿಸಬೇಕೆ? ಹಾಗೆನ್ನುವುದೂ ಏಕಪಕ್ಷೀಯವಾದೀತು. 1941ರ ಏಪ್ರಿಲ್ ತಿಂಗಳಲ್ಲಿ ಇಟಲಿಯವರ ಆಳ್ವಿಕೆ ಕೊನೆಗೊಂಡಿತು. ಆಮೇಲೆ ಬ್ರಿಟಿಷರ ಆಡಳಿತ, ಇಥಿಯೋಪಿಯದ ಆಧಿಪತ್ಯ, ದೀರ್ಘವಾದ ವಿಮೋಚನಾ ಯುದ್ಧ ಇವೆಲ್ಲವನ್ನೂ ಕಳೆದು 1993ರಲ್ಲಿ ದೇಶವು ಸ್ವತಂತ್ರವಾಯಿತು. ಒಂದು ಕಾಲಕ್ಕೆ ಮುಸೊಲಿನಿಯ ಹೆಸರು ಹೊತ್ತಿದ್ದ ಹೆದ್ದಾರಿಗೆ ಇಂದು ಹರ್ನೆತ್, ಎಂದರೆ ಸ್ವಾತಂತ್ರ್ಯ, ಎಂಬ ಹೆಸರಿದೆ. ತಮ್ಮನ್ನು ದೂರವಿಡುವುದಕ್ಕಾಗಿ ವಿಭಾಗಿಸಿದ್ದ ನಗರವನ್ನು ಆ ಜನ ತಮ್ಮದನ್ನಾಗಿ ಮಾಡಿಕೊಂಡಿದ್ದಾರೆ. ಈ ಸ್ವೀಕಾರವೂ ನಗರದ ಇತಿಹಾಸದ ಒಂದು ಅಧ್ಯಾಯವೇ.

ಯುನೆಸ್ಕೊ ಗುರುತಿಸಿದ ಪ್ರದೇಶದಲ್ಲಿ ಅಬ್ಬಾ ಶಾವುಲ್ ಸಹ ಸೇರಿರುವುದು ಉಚಿತವಾಗಿದೆ. ಆದರೆ ರೆಕ್ಕೆಯ ಠಾಣೆಯನ್ನು ಮಾತ್ರ ಕಾಪಾಡಿ, ಆ ಬಡಾವಣೆಯ ಇಕ್ಕಟ್ಟಾದ ಓಣಿಗಳನ್ನು ಉಪೇಕ್ಷಿಸಿದರೆ ಹಳೆಯ ನಕ್ಷೆಯ ಪಕ್ಷಪಾತವೇ ಸಂರಕ್ಷಣೆಯ ಹೆಸರಿನಲ್ಲಿ ಮುಂದುವರಿದಂತಾಗುವುದು. ಆದುದರಿಂದ ಅಸ್ಮಾರಾವನ್ನು ಅಭ್ಯಾಸಮಾಡುವವರು ಕಟ್ಟಡಗಳ ಚಿತ್ರಗಳ ಪಕ್ಕದಲ್ಲಿಯೇ 1938ರ ನಕ್ಷೆಯನ್ನೂ ತೆರೆದಿಟ್ಟುಕೊಳ್ಳಬೇಕೆಂದು ನಾವು ಸೂಚಿಸುತ್ತೇವೆ.