‘ಅಗಲ್ಲಿಯಾಸಿಸ್’: ಆನಂದವೇ, ಉಲ್ಲಾಸವೇ?

ನಮ್ಮ ಪ್ರಬೋಧನೆಗಳಲ್ಲಿ ‘ಆನಂದ’ ಎಂಬ ಪದ ಧಾರಾಳವಾಗಿ ಕೇಳಿಬರುತ್ತದೆ. ಹೊಸ ಒಡಂಬಡಿಕೆಯ ‘ಖರಾ’ ಮತ್ತು ‘ಅಗಲ್ಲಿಯಾಸಿಸ್’ ಎಂಬ ಎರಡು ಗ್ರೀಕ್ ಪದಗಳನ್ನೂ ಅದೊಂದರಿಂದಲೇ ಸೂಚಿಸುವುದುಂಟು. ಇದರಿಂದಾಗುವ ಅರ್ಥನಷ್ಟ ಅಲ್ಪವಲ್ಲ.

‘ಖರಾ’ ಗ್ರೀಕರ ದಿನಬಳಕೆಯ ಪದ. ‘ಅಗಲ್ಲಿಯಾಸಿಸ್’ ಹಾಗಲ್ಲ, ಅದು ಬೈಬಲ್ ಮತ್ತು ಧರ್ಮಸಭೆಯ ಗ್ರೀಕಿಗೆ ಸೇರಿದ್ದು. ಸೆಪ್ತುವಜಿಂತ್ ಅನುವಾದದ ಕೀರ್ತನೆಗಳೇ ಅದರ ತವರು. ಅಲ್ಲಿ ಅದು ಬರಿಯ ಮನಸ್ಥಿತಿಯಲ್ಲ. ದೇವರ ರಕ್ಷಣಾಕಾರ್ಯವನ್ನು ಕಂಡವರು ದನಿಯೆತ್ತಿ ಸಲ್ಲಿಸುವ ಸ್ತುತಿ. ಸಂತ ಲೂಕರು ಈ ಪರಂಪರೆಯನ್ನೇ ಮುಂದುವರಿಸುತ್ತಾರೆ. ಎಲಿಸಬೇತಳ ಗರ್ಭದಲ್ಲಿ ಶಿಶು ನಲಿದಾಡಿದಾಗ (1:44), ಮರಿಯಮ್ಮನವರ ಸ್ತುತಿಗೀತೆಯಲ್ಲಿ (1:47), ಆದಿ ವಿಶ್ವಾಸಿಗಳ ಸಹಭೋಜನದಲ್ಲಿ (ಪ್ರೇ.ಕಾ. 2:46) ಈ ಪದ ಅಥವಾ ಅದರ ಕ್ರಿಯಾರೂಪ ಬರುತ್ತದೆ.

‘ಆನಂದ’ಕ್ಕೆ ಬೇರೆಯೇ ಹಿನ್ನೆಲೆಯಿದೆ. ತೈತ್ತಿರೀಯ ಉಪನಿಷತ್ತಿನಲ್ಲಿ ಅದು ಪರತತ್ತ್ವದ ಸ್ವರೂಪ. ಬ್ರಹ್ಮಬಾಂಧವ ಉಪಾಧ್ಯಾಯರು ಸಚ್ಚಿದಾನಂದ ಪರಿಕಲ್ಪನೆಯ ಮೂಲಕ ತ್ರಿತ್ವವನ್ನು ಸ್ತುತಿಸಿದ್ದು ಈ ಕಾರಣದಿಂದಲೇ. ದೇವಸ್ವರೂಪದ ಧ್ಯಾನಕ್ಕೆ ಅದು ಸಮರ್ಥ ಪದ. ಆದರೆ ‘ಅಗಲ್ಲಿಯಾಸಿಸ್’ ಸ್ವರೂಪವನ್ನಲ್ಲ, ಇತಿಹಾಸದಲ್ಲಿ ನಡೆದ ರಕ್ಷಣೆಗೆ ಮನುಷ್ಯನ ಪ್ರತಿಸ್ಪಂದನವನ್ನು ಹೇಳುತ್ತದೆ. ಮೇಲಕ್ಕೆ ಚಿಮ್ಮಿ ಬೆಳಗುವುದೆಂಬ ಧಾತ್ವರ್ಥವುಳ್ಳ ‘ಉಲ್ಲಾಸ’ವೇ ಇದಕ್ಕೆ ಹತ್ತಿರ. ಇಂದು ಆ ಪದ ವಿಹಾರ, ಮನರಂಜನೆಗಳತ್ತ ಜಾರಿರುವುದು ನಿಜ. ಆದರೂ ವಿವರಣೆಯೊಡನೆ ಅದನ್ನು ಉಳಿಸಿಕೊಳ್ಳುವುದು ಲೇಸು.

ಇದು ಕೇವಲ ನಿಘಂಟಿನ ಪ್ರಶ್ನೆಯಲ್ಲ. ಹರ್ಷವನ್ನು ವಿಶ್ವಾಸದ ಅಳತೆಗೋಲಾಗಿಸುವ ಬೋಧನೆ ಇಂದು ಹಬ್ಬುತ್ತಿದೆ. ಅದನ್ನು ಕೇಳಿದ ಶೋಕತಪ್ತರು ತಮ್ಮಲ್ಲಿ ವಿಶ್ವಾಸವೇ ಇಲ್ಲವೆಂದು ಕುಗ್ಗುತ್ತಾರೆ. ಧರ್ಮಗ್ರಂಥ ಹಾಗೆನ್ನುವುದಿಲ್ಲ. ಪೇತ್ರನ ಮೊದಲನೆಯ ಪತ್ರ (1:6) ಉಲ್ಲಾಸವನ್ನೂ ಶೋಧನೆಗಳ ದುಃಖವನ್ನೂ ಒಂದೇ ವಾಕ್ಯದಲ್ಲಿರಿಸುತ್ತದೆ. 51ನೆಯ ಕೀರ್ತನೆಯಲ್ಲಿ ಪಶ್ಚಾತ್ತಾಪಿ ಕಳೆದುಕೊಂಡ ಉಲ್ಲಾಸವನ್ನು ಮರಳಿ ಬೇಡುತ್ತಾನೆ; ಬೇಡಿ ಪಡೆಯಬೇಕಾದುದನ್ನು ನಾವೇ ಉತ್ಪಾದಿಸಲಾಗದು. ಇನ್ನೊಂದೆಡೆ, ಸ್ನಾನಿಕ ಯೊವಾನ್ನರ ಬೆಳಕಿನಲ್ಲಿ ಜನರು ಅಲ್ಪಕಾಲ ಮಾತ್ರ ನಲಿದರೆಂದು ಹೇಳುವಾಗಲೂ (ಯೊವಾನ್ನ 5:35) ಇದೇ ಕ್ರಿಯಾಪದ ಬಳಕೆಯಾಗಿದೆ. ಆದ್ದರಿಂದ ಭಾವದ ತೀವ್ರತೆಯೇ ವಿಶ್ವಾಸಕ್ಕೆ ಸಾಕ್ಷಿಯಲ್ಲ. ಆ ಭಾವ ಯಾವುದರಲ್ಲಿ ನೆಲೆಗೊಂಡಿದೆ ಎಂಬುದೇ ಮುಖ್ಯ.

ಸಾವಿನ ಮನೆಯಲ್ಲಿ ಬೋಧಿಸಲು ನಿಲ್ಲುವ ಗುರುವು ಈ ವ್ಯತ್ಯಾಸವನ್ನು ಅರಿತಿರಬೇಕು. ಅಲ್ಲಿ ಹರ್ಷಿಸಿರೆಂದು ಆಜ್ಞಾಪಿಸುವುದು ಅವನ ಕೆಲಸವಲ್ಲ. ಅಳುವವರ ಪರವಾಗಿ, ಅವರೊಡನೆ, ಆ ಉಲ್ಲಾಸವನ್ನು ದೇವರಲ್ಲಿ ಬೇಡುವುದೇ ಅವನ ಸೇವೆ.