ಹಿಂದಿನ ಗಾಲಿ ಆಡತೈತೇನು?

ಸೈಕಲ್ ಅಂಗಡಿ ಮುಂದೆ ಇಳಿದು "ಹಿಂದಿನ ಗಾಲಿ ಆಡಾಕತ್ತೈತಿ, ಒಂಚೂರು ಬಿಗಿ ಮಾಡಿ ಕೊಡ್ರಿ" ಎನ್ನುವವರೇ ನಮ್ಮಲ್ಲಿ ಹೆಚ್ಚು. ಬರೀ ಬಿಗಿ ಮಾಡಿಸಿಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಸಡಿಲಾದ ಹಬ್ಬನ್ನು ಬಿಚ್ಚಿ ನೋಡಲೇಬೇಕು.

ಗಂಗಾವತಿ ಕಡೆ ಎಡದಂಡೆ ಕಾಲುವೆಯ ಗದ್ದೆಹಾದಿಯಲ್ಲಿ ಓಡಾಡುವ ಸೈಕಲ್ಲಿನ ಹಬ್ಬಿಗೆ ನೀರು ಹೊಕ್ಕು, ಗ್ರೀಸು ಬೆಳ್ಳಗಾಗಿ ಗುಂಡುಗಳಿಗೆ ತುಕ್ಕು ಹತ್ತಿರುತ್ತದೆ. ಕುಷ್ಟಗಿ, ಯಲಬುರ್ಗಾದ ಒಣಭೂಮಿಯ ಸೈಕಲ್ಲಿನಲ್ಲಿ ಧೂಳು ಎಣ್ಣೆಗೆ ಕಲೆತು, ಗುಂಡು ಸುತ್ತಿದಷ್ಟೂ ಉಕ್ಕು ಸವೆಯುತ್ತದೆ. ಅಂಥ ಹಬ್ಬನ್ನು ಹಾಗೇ ಬಿಗಿ ಮಾಡಿದರೆ ಸವೆತ ಇನ್ನೂ ಜೋರಾಗುತ್ತದೆ.

ಮೊದಲು ರಿಮ್ ಹಿಡಿದು ಎಡಬಲಕ್ಕೆ ಅಲುಗಿಸಿ. ಟಕ್ ಟಕ್ ಎಂದು ಕೈಗೆ ತಾಗಿದರೆ ದೋಷ ಹಬ್ಬಿನೊಳಗಿದೆ. ಗಾಲಿ ಗಟ್ಟಿಯಾಗಿದ್ದು ಫ್ರೀವೀಲ್ ಮಾತ್ರ ತುಸು ತೊಯ್ದಾಡಿದರೆ ಚಿಂತೆ ಬೇಡ. ಎಕ್ಸಲ್ ತುಂಡಾಗಿದ್ದರೆ ಮಾತ್ರ ಮೋಸ: ಎರಡೂ ಬದಿಯ ನಟ್ಟು ಫ್ರೇಮಿಗೆ ಬಿಗಿದಿರುವುದರಿಂದ ಗಾಲಿ ಕೆಲಕಾಲ ಓಡುತ್ತಲೇ ಇರುತ್ತದೆ. ಮುರಿಯುವುದು ಹೆಚ್ಚಾಗಿ ಚೈನಿನ ಕಡೆ. ಫ್ರೀವೀಲಿಗೆ ಜಾಗ ಬಿಟ್ಟು ಬಲಬದಿಯ ಗುಂಡುಗಳು ಒಳಗೆ ಕೂತಿರುತ್ತವೆ. ಅಲ್ಲಿಂದ ಫ್ರೇಮಿನವರೆಗೆ ಎಕ್ಸಲ್ಲಿಗೆ ಆಸರೆಯಿಲ್ಲ. ಮೇಲೆ ಕ್ಯಾರಿಯರಿಗೆ ಭತ್ತದ ಚೀಲ! ಹಿಂದಿನ ಗಾಲಿಯ ಭಾರ ಬಲ್ಲವರೇ ಹಳೇ ದೊಡ್ಡ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ ಇಟ್ಟದ್ದು.

ಬಿಚ್ಚುವಾಗ ಎಡಬದಿಯ ನಟ್ಟು, ಕೋನು ಮಾತ್ರ ತೆಗೆಯಿರಿ, ಬಲಬದಿಯದನ್ನು ಮುಟ್ಟಬೇಡಿ. ಕೆಳಗೆ ಬಟ್ಟೆ ಹಾಸಿರಲಿ. ಕಾಲಿಂಚಿನ ಗುಂಡು, ಬದಿಗೆ 9ರಂತೆ 18. ಎಕ್ಸಲ್ಲನ್ನು ಕಡಪ ಕಲ್ಲಿನ ಮೇಲೆ ಉರುಳಿಸಿದರೆ ಸೊಟ್ಟಗಾಗಿದ್ದು ಕಣ್ಣಿಗೆ ಬೀಳುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದ ಕೋನನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿ. ನನಗೆ ಈ ಕೆಲಸದಲ್ಲಿ ಬಹಳ ಹಿಡಿಸುವ ಗಳಿಗೆ ಇದು. ಗುಳಿ ಬಿದ್ದಿರುವುದು ಸಾಮಾನ್ಯವಾಗಿ ಒಂದೇ ಮಗ್ಗುಲಲ್ಲಿ. ಗಾಲಿ ತಿರುಗಿದರೂ ಎಕ್ಸಲ್ ತಿರುಗುವುದಿಲ್ಲ. ಆದ್ದರಿಂದ ಸವಾರನ ಭಾರವೆಲ್ಲ ಕೋನಿನ ಕೆಳಮಗ್ಗುಲಿಗೇ ಬೀಳುತ್ತದೆ, ಗುಂಡು ಕೂರುವ ಹಬ್ಬಿನ ಬಟ್ಟಲಿಗಾದರೋ ಸುತ್ತ ಹಂಚಿಹೋಗುತ್ತದೆ. ಗುಳಿ ಬಿದ್ದ ಕೋನನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಬದಲಿಸಿ. ಗುಂಡುಗಳನ್ನೂ ಅಷ್ಟೂ ಹೊಸದಾಗಿ ಹಾಕಿ. ಹಳೆಯದರ ನಡುವೆ ಒಂದೆರಡು ಹೊಸ ಗುಂಡು ಸೇರಿಸಿದರೆ ಭಾರವೆಲ್ಲ ಆ ಹೊಸವುಗಳ ಮೇಲೇ.

ಗ್ರೀಸು ಧಾರಾಳವಾಗಿರಲಿ. ಎಡಗೋನನ್ನು ಬೆರಳಿಂದಲೇ ತಿರುಗಿಸಿ ಗುಂಡಿಗೆ ತಾಗಿಸಿ, ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ತೆಳು ಪಾನಾದಿಂದ ಕೋನು ಕದಲದಂತೆ ಹಿಡಿದು ನಟ್ಟು ಬಿಗಿಯಿರಿ. ನಟ್ಟು ಕೋನನ್ನು ತುಸು ಒಳದೂಡುವುದರಿಂದಲೇ ಈ ಹಿಂದೆಗೆತ.

ಕೊಪ್ಪಳ ಜಿಲ್ಲೆಯ ಹಳ್ಳಿಗಳವರಿಗೆ ಮುಖ್ಯವಾಗಿ ಹೇಳಬೇಕು: 2006-07ರಲ್ಲಿ ಶುರುವಾದ ಸರ್ಕಾರದ ಯೋಜನೆಯಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲು ಮನೆಯಲ್ಲಿದ್ದರೆ ಗುಜರಿಗೆ ಹಾಕುವ ಮುಂಚೆ ಹಬ್ ಬಿಚ್ಚಿಸಿ. ಎರಡು ಕೋನು, ಹಿಡಿ ಗುಂಡು, ಚಮಚೆ ಗ್ರೀಸಿನಲ್ಲಿ ತಮ್ಮನಿಗೋ ತಂಗಿಗೋ ಅದು ಇನ್ನೂ ಹೈಸ್ಕೂಲು ಮುಟ್ಟಿಸೀತು.

ಕೂಡಿಸಿದ ಮೇಲೆ, ಚೈನು ಏರಿಸುವ ಮುಂಚೆ, ಗಾಲಿಯನ್ನು ಮೆಲ್ಲಗೆ ತಿರುಗಿಸಿ ಬಿಡಿ. ಸಾಮಾನ್ಯವಾಗಿ ವಾಲ್ವಿನ ಕಡೆ ತೂಕ ಹೆಚ್ಚು. ಗಾಲಿ ಹಿಂದೆ ಮುಂದೆ ತೂಗಾಡಿ ವಾಲ್ವು ಕೆಳಕ್ಕೆ ಬಂದು ನಿಂತರೆ ಹದ ಸರಿಯಾಗಿದೆ. ಮಧ್ಯದಲ್ಲೇ ತಡೆದು ನಿಂತರೆ ಕೋನು ಬಿಗಿಯಾಗಿದೆ. ಇನ್ನೊಂದು ಕೂದಲೆಳೆ ಸಡಿಲಿಸಿ.